ನೀಲಿ ಬಕೆಟ್ಟೋ, ಕಪ್ಪು ಬಕೆಟ್ಟೋ: ಹೊಸ ಕಡಲ ಅಕ್ವೇರಿಯಂಗೆ ರೆಡ್ ಸೀ ಉಪ್ಪು

ಕಡಲ ಮೀನುಗಳನ್ನು ಸಾಕಲೆಂದು ಹೊಸದಾಗಿ ಗಾಜಿನ ತೊಟ್ಟಿ ಮಾಡಿಸಿಕೊಂಡವರು ಉಪ್ಪು ಕೊಳ್ಳಲು ಹೋದರೆ, ಅವರ ಮುಂದೆ ರೆಡ್ ಸೀ ಕಂಪನಿಯ ಎರಡು ಬಕೆಟ್‌ಗಳು ಬಂದು ನಿಲ್ಲುತ್ತವೆ. ನೀಲಿ ಬಕೆಟ್‌ನಲ್ಲಿರುವುದು ‘ರೆಡ್ ಸೀ ಸಾಲ್ಟ್’, ಕಪ್ಪು ಬಕೆಟ್‌ನಲ್ಲಿರುವುದು ‘ಕೋರಲ್ ಪ್ರೊ ಸಾಲ್ಟ್’. ಕಪ್ಪಿನದಕ್ಕೆ ಬೆಲೆ ಹೆಚ್ಚು, ಹೆಸರಿನಲ್ಲಿ ‘ಪ್ರೊ’ ಎಂಬ ಬಾಲವೂ ಇದೆ. ಹಾಗಾಗಿ ಹಣ ಹೊಂದಿಸಬಲ್ಲವರು ಅದನ್ನೇ ಎತ್ತಿಕೊಳ್ಳುತ್ತಾರೆ, ಅಂಗಡಿಯವರೂ ಬೇಡವೆನ್ನುವುದಿಲ್ಲ. ಎರಡನ್ನೂ ಬಳಸಿದ ಮೇಲೆ, ಅದಕ್ಕಿಂತ ಹೆಚ್ಚಾಗಿ ಎರಡರ ಒಳಗೇನಿದೆ ಎಂಬ ಲೆಕ್ಕ ಹಾಕಿದ ಮೇಲೆ, ನಾನು ಹೇಳಬಯಸುವುದಿಷ್ಟು: ಹೊಸ ತೊಟ್ಟಿಗೆ, ಅದರಲ್ಲೂ ನಮ್ಮ ದೇಶದಲ್ಲಿ ಕಾನೂನು ಒಪ್ಪುವ ಜೀವಿಗಳನ್ನಷ್ಟೇ ಇಟ್ಟುಕೊಳ್ಳುವ ತೊಟ್ಟಿಗೆ, ನೀಲಿ ಬಕೆಟ್ ಸಾಕು. ಉಳಿಯುವ ಹಣ ಉಪ್ಪನ್ನು ಕರಗಿಸುವ ನೀರಿಗೂ ಕರಗಿದ್ದನ್ನು ಅಳೆಯುವ ಉಪಕರಣಕ್ಕೂ ಹೋಗಬೇಕು.

ಇಂಥ ಉಪ್ಪಿನ ಬಕೆಟ್ ಕೊಳ್ಳುವವನು ನಿಜವಾಗಿ ಕೊಳ್ಳುತ್ತಿರುವುದು ಉಪ್ಪನ್ನಲ್ಲ, ಅದರೊಳಗಿನ ಅಂಶಗಳ ಪ್ರಮಾಣವನ್ನು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ. ಅದನ್ನೇ 35 ಪಿಪಿಟಿ ಎನ್ನುತ್ತಾರೆ. ಆ 35 ಗ್ರಾಂನಲ್ಲಿ ಕ್ಲೋರೈಡ್ 19 ಗ್ರಾಂಗಿಂತ ತುಸು ಹೆಚ್ಚು, ಸೋಡಿಯಂ 10.8 ಗ್ರಾಂ, ಸಲ್ಫೇಟ್ 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂನ ಹತ್ತಿರ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಂನ ಆಸುಪಾಸು. 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ, 1884ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ನೀರು ಎಲ್ಲಿಯದಾದರೂ ಈ ಮುಖ್ಯ ಅಂಶಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಒಂದೇ ಎಂಬುದು ಗಟ್ಟಿಯಾಯಿತು. ಆದ್ದರಿಂದಲೇ ಸಮುದ್ರದಲ್ಲಿ ಲವಣಾಂಶವೊಂದನ್ನು ಅಳೆದರೆ ಉಳಿದೆಲ್ಲವನ್ನೂ ಊಹಿಸಬಹುದು. ಬಕೆಟ್‌ನ ಉಪ್ಪಿನಲ್ಲಿ ಆ ಭರವಸೆಯಿಲ್ಲ. ಅಲ್ಲಿ ಪ್ರಮಾಣವನ್ನು ನಿರ್ಧರಿಸಿದವರು ತಯಾರಕರು. ಎರಡು ಬಕೆಟ್‌ಗಳ ನೀರು ಮಾಪಕದಲ್ಲಿ 35 ಎಂದೇ ತೋರಿಸಿದರೂ ಒಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರೀಯತೆ (ಮುಖ್ಯವಾಗಿ ಕರಗಿದ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ) ಬೇರೆ ಬೇರೆಯಾಗಿರಬಹುದು.

ಅಡುಗೆಮನೆಯ ಉಪ್ಪನ್ನೇ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ. ಅದು ಹೆಚ್ಚೂಕಡಿಮೆ ಶುದ್ಧ ಸೋಡಿಯಂ ಕ್ಲೋರೈಡ್. ಜೊತೆಗೆ ಅಯೋಡಿನ್ ಮತ್ತು ಗಂಟು ಕಟ್ಟದಂತೆ ತಡೆಯುವ ಪದಾರ್ಥ ಸೇರಿರುತ್ತವೆ. ಇದಕ್ಕಿಂತ ಜಾಣತನದ ಪ್ರಶ್ನೆಯೊಂದಿದೆ: ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲಿಗೆ ಒಣಗಿಸಿ ತೆಗೆಯುವ ಹರಳುಪ್ಪು ಸಮುದ್ರದಿಂದಲೇ ಬಂದದ್ದಲ್ಲವೇ, ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರವಾಗಬೇಕಲ್ಲ? ಆಗುವುದಿಲ್ಲ. ಆಗರದಲ್ಲಿ ನೀರು ಇಂಗುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ ತಳಕ್ಕೆ ಇಳಿಯುತ್ತವೆ. ನೀರು ಸುಮಾರು ಹತ್ತನೇ ಒಂದು ಭಾಗಕ್ಕೆ ಬಂದಾಗಲಷ್ಟೇ ಉಪ್ಪಿನ ಹರಳು ಕಟ್ಟಲು ಆರಂಭಿಸುತ್ತದೆ. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂನ ಬಹುಪಾಲು ಕೊನೆಗೆ ಉಳಿಯುವ ಕಹಿ ನೀರಿನೊಂದಿಗೆ ಹೊರಟುಹೋಗುತ್ತದೆ. ಊಟಕ್ಕೆ ರುಚಿಯಾದ ಉಪ್ಪು ಸಿಗುವುದು ಈ ಬೇರ್ಪಡುವಿಕೆಯಿಂದಲೇ, ಮೀನಿಗೆ ಅದು ಬೇಡವಾಗುವುದೂ ಇದರಿಂದಲೇ.

ರೆಡ್ ಸೀ ಕಂಪನಿಯೂ ತನ್ನ ಉಪ್ಪಿನ ಮೂಲ ಕೆಂಪು ಸಮುದ್ರದ ನೀರನ್ನು ಒಣಗಿಸಿ ತೆಗೆದದ್ದೆಂದು ಹೇಳುತ್ತದೆ. ವ್ಯತ್ಯಾಸವಿರುವುದು, ಹಾಗೆ ತೆಗೆದ ಉಪ್ಪಿಗೆ ಕಳೆದುಹೋದ ಅಂಶಗಳನ್ನು ಅಳೆದು ಮತ್ತೆ ಸೇರಿಸುವುದರಲ್ಲಿ. ಕೊಳ್ಳುವವನು ಬೆಲೆ ಕೊಡುವುದು ಆ ಸೇರಿಸುವಿಕೆಗೆ, ಮತ್ತು ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಅದು ಬದಲಾಗದೆ ಇರುವುದಕ್ಕೆ.

ಕರಾವಳಿಯವರಿಗೆ ಇನ್ನೊಂದು ಆಸೆ ಇದ್ದೇ ಇರುತ್ತದೆ: ಬಕೆಟ್‌ಗೆ ಹಣವೇಕೆ, ಪಣಂಬೂರಿನಿಂದಲೋ ಮಲ್ಪೆಯಿಂದಲೋ ಕ್ಯಾನ್‌ಗಳಲ್ಲಿ ನೀರು ತುಂಬಿ ತಂದರಾಗದೇ? ದಡದ ನೀರು ನಡುಗಡಲಿನ ನೀರಲ್ಲ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಆ ಭಾಗದ ಲವಣಾಂಶ ಇಳಿಯುತ್ತದೆ, ಕೆಸರು ಏರುತ್ತದೆ. ಬಂದರುಗಳ ಬಳಿ ದೋಣಿಗಳ ಎಣ್ಣೆಯ ಪಸೆ ಬೇರೆ. ಸಂಶೋಧನಾ ಕೇಂದ್ರಗಳು ಮತ್ತು ಮೀನುಮರಿ ಬೆಳೆಸುವ ಕೇಂದ್ರಗಳು ಸಮುದ್ರದ ನೀರನ್ನೇ ಬಳಸುತ್ತವೆ ನಿಜ, ಆದರೆ ಅವುಗಳ ಬಳಿ ಸೋಸುವ, ಕ್ರಿಮಿ ಕಳೆಯುವ ವ್ಯವಸ್ಥೆಯಿದೆ. ಶಿರಾಡಿ ಘಾಟಿ ಹತ್ತಿಸಿ 150 ಲೀಟರ್ ನೀರನ್ನು ಬೆಂಗಳೂರಿಗೆ ತರಿಸುವ ಉತ್ಸಾಹಿಗಳಿಗೆ ನಾನು ಹೇಳುವುದೇನೂ ಇಲ್ಲ, ಡೀಸೆಲ್ಲಿನ ಲೆಕ್ಕವೇ ಹೇಳುತ್ತದೆ.

ಈಗ ಬಕೆಟ್‌ಗಳಿಗೆ ಬರೋಣ. ನೀಲಿ ಬಕೆಟ್‌ನ ಉಪ್ಪನ್ನು 35 ಪಿಪಿಟಿಗೆ ಬೆರೆಸಿದಾಗ ಕ್ಷಾರೀಯತೆ, ಅದನ್ನು ಅಳೆಯುವ ಡಿಕೆಎಚ್ ಎಂಬ ಮಾನದಲ್ಲಿ, ಸುಮಾರು 8 ಇರುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಹಜ ಸಮುದ್ರದ ಮಟ್ಟದ ಆಸುಪಾಸಿನಲ್ಲಿರುತ್ತವೆ. ಸಮುದ್ರದ ಕ್ಷಾರೀಯತೆ 6.5ರಿಂದ 7 ಡಿಕೆಎಚ್. ಅಂದರೆ ನೀಲಿ ಬಕೆಟ್ ಸಮುದ್ರವನ್ನೇ ಗುರಿಯಾಗಿಟ್ಟು, ತುಸು ಮೇಲಕ್ಕೆ ನಿಲ್ಲುತ್ತದೆ. ಪುಡಿ ನುಣುಪಾಗಿದೆ, ಬೇಗ ಕರಗುತ್ತದೆ, ಕಲಕುವ ಪಂಪ್ ಚೆನ್ನಾಗಿದ್ದರೆ ನೀರು ತಿಳಿಯಾಗಲು ಹೆಚ್ಚು ಕಾಯಬೇಕಾಗಿಲ್ಲ. ಬೆರೆಸಿದ ನೀರನ್ನು ಮುಚ್ಚಿಟ್ಟು, ಪಂಪ್ ಓಡಿಸುತ್ತ, ಮರುದಿನ ಬಳಸಿದರೂ ತೊಂದರೆಯಾಗದಿರುವುದು ನನಗೆ ಇದರಲ್ಲಿ ಬಹಳ ಹಿಡಿಸಿದ ಗುಣ. ಕೆಲಸಕ್ಕೆ ಹೋಗುವವರು ಶನಿವಾರ ರಾತ್ರಿ ಬೆರೆಸಿಟ್ಟು ಭಾನುವಾರ ಬೆಳಿಗ್ಗೆ ನೀರು ಬದಲಿಸುವುದೇ ರೂಢಿಯಾಗಿರುವಾಗ ಇದು ಸಣ್ಣ ಸೌಕರ್ಯವಲ್ಲ.

ಕಪ್ಪು ಬಕೆಟ್‌ನ ಉದ್ದೇಶವೇ ಬೇರೆ. ಅದರಲ್ಲಿ ಕ್ಷಾರೀಯತೆ 12 ಡಿಕೆಎಚ್‌ನ ಸುಮಾರಿಗೆ, ಕ್ಯಾಲ್ಸಿಯಂ 450 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 450 ಪಾಲು) ಮೀರಿ, ಮೆಗ್ನೀಸಿಯಂ 1400ರ ಹತ್ತಿರಕ್ಕೆ ಏರುತ್ತವೆ. ಗಟ್ಟಿ ಹವಳಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್‌ಗಳನ್ನು ಎಳೆದುಕೊಂಡು ತಮ್ಮ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಅಂಥ ಹವಳಗಳು ತುಂಬಿದ ತೊಟ್ಟಿಯಲ್ಲಿ ಎರಡು ನೀರು ಬದಲಾವಣೆಗಳ ನಡುವೆ ಈ ಅಂಶಗಳು ಕುಸಿಯುತ್ತವೆ. ಹೊಸ ನೀರಿನಲ್ಲಿ ಅವು ಹೆಚ್ಚಿಗೆ ಇದ್ದರೆ ಆ ಕೊರತೆ ಒಂದಿಷ್ಟು ತುಂಬುತ್ತದೆ. ತರ್ಕ ಸರಿಯಾಗಿದೆ, ಉಪ್ಪೂ ಚೆನ್ನಾಗಿದೆ. ಪ್ರಶ್ನೆ ಇರುವುದು ನಮ್ಮ ತೊಟ್ಟಿಯಲ್ಲಿ ಆ ಹವಳಗಳಿವೆಯೇ ಎಂಬುದರಲ್ಲಿ.

ಭಾರತದಲ್ಲಿ ಬಂಡೆ ಕಟ್ಟುವ ಎಲ್ಲ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಗೊರ್ಗೊನಿಯನ್‌ಗಳೂ ಅದೇ ಸಾಲಿನಲ್ಲಿವೆ. ಹುಲಿಗೆ ಸಿಗುವ ಮಟ್ಟದ ರಕ್ಷಣೆ ಇವಕ್ಕೂ ಇದೆ. ಕಡಲಿನಿಂದ ಕಿತ್ತು ತಂದ ಹವಳದ ತುಂಡನ್ನು ಪರಿಚಯದವರ ಮೂಲಕ ಕೊಂಡು ತೊಟ್ಟಿಯಲ್ಲಿಡುವುದು ಹವ್ಯಾಸವಲ್ಲ, ಅಪರಾಧ. ಹೊಸದಾಗಿ ಆರಂಭಿಸುವ ಇಲ್ಲಿನ ಹವ್ಯಾಸಿಯ ತೊಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಡ್ಯಾಮ್ಸೆಲ್, ಕೆಲವು ಸೀಗಡಿ ಮತ್ತು ಬಸವನಹುಳು, ಒಣ ಬಂಡೆ. ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿರುವುದರಿಂದ, ಕಡಲಿನಿಂದ ಹಿಡಿಯದೆ ಸಾಕಿ ಬೆಳೆಸಿದ ಮರಿಗಳು ಸಿಗುವುದು ಸಾಧ್ಯ. ಇವುಗಳಲ್ಲಿ ಯಾವುದೂ 12 ಡಿಕೆಎಚ್ ಕೇಳುವುದಿಲ್ಲ. ಹವಳಗಳ ವ್ಯಾಪಾರ ಪರವಾನಗಿಯೊಂದಿಗೆ ನಡೆಯುವ ಅಮೆರಿಕ, ಯುರೋಪುಗಳಲ್ಲಿ ನೆಲೆಸಿ ಗಟ್ಟಿ ಹವಳ ಬೆಳೆಸುತ್ತಿರುವ ಕನ್ನಡಿಗರಿಗೆ ಕಪ್ಪು ಬಕೆಟ್ ಅರ್ಥಪೂರ್ಣ ಆಯ್ಕೆ; ಅವರೂ ತೊಟ್ಟಿ ಹೊಸದಾಗಿದ್ದು ಹವಳ ಇನ್ನೂ ಬಂದಿಲ್ಲದಿರುವಾಗ ಅದಕ್ಕೆ ಅವಸರಪಡಬೇಕಾಗಿಲ್ಲ.

ಕಪ್ಪು ಬಕೆಟ್‌ನ ಪರವಾಗಿ ಒಂದು ವಾದವನ್ನು ಆಗಾಗ ಕೇಳುತ್ತೇನೆ. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳುವಾಗ ಅಮೋನಿಯ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ ಬದಲಾಗುತ್ತದೆ. ಈ ಕ್ರಿಯೆ ಕ್ಷಾರೀಯತೆಯನ್ನು ತಿನ್ನುತ್ತದೆ. ಆದ್ದರಿಂದ ಆರಂಭದಲ್ಲಿಯೇ ಹೆಚ್ಚಿಗೆ ಇರಲಿ ಎಂಬುದು ಆ ವಾದ. ತಿನ್ನುತ್ತದೆ ಎಂಬುದು ನಿಜ, ಎಷ್ಟು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಒಂದು ಡಿಕೆಎಚ್ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ತೊಟ್ಟಿಯನ್ನು ಹದಗೊಳಿಸಲು 2 ಪಿಪಿಎಂ ಅಮೋನಿಯ ಸಾರಜನಕ ಹಾಕಿದರೆ ಇಳಿಯುವುದು 0.8 ಡಿಕೆಎಚ್. ನೀಲಿ ಬಕೆಟ್‌ನ 8, ಅಷ್ಟಾದ ಮೇಲೂ 7.2 ಆಗಿ ಉಳಿಯುತ್ತದೆ; ಅದು ಸಮುದ್ರಕ್ಕಿಂತ ಇನ್ನೂ ಮೇಲೆಯೇ. ಅಲ್ಲದೆ ಮೀನು ಬಿಡುವ ಮುನ್ನ ಹೇಗೂ ಒಂದು ದೊಡ್ಡ ನೀರು ಬದಲಾವಣೆ ಮಾಡುತ್ತೇವೆ.

ಬಳಸುವವರಿಲ್ಲದ ತೊಟ್ಟಿಯಲ್ಲಿ ಹೆಚ್ಚಿನ ಕ್ಷಾರೀಯತೆ ಸುಮ್ಮನೆ ಇರುವುದೂ ಇಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ವಿಚಿತ್ರ ವಸ್ತು: ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಇದು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಆದ್ದರಿಂದ ಅದು ಮೊದಲು ಹೀಟರಿನ ಗಾಜಿನ ಮೇಲೆ, ಪಂಪಿನ ಬಿಸಿಯಾಗುವ ಭಾಗಗಳ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಕಪ್ಪು ಬಕೆಟ್‌ನ ಉಪ್ಪನ್ನು ಬೆರೆಸಿದ ಕೆಲವೇ ಗಂಟೆಗಳಲ್ಲಿ ಬಳಸಬೇಕು, ದೀರ್ಘಕಾಲ ಕಲಕುತ್ತ ಇಡಬಾರದು ಎಂದು ತಯಾರಕರೇ ಸೂಚಿಸುತ್ತಾರೆ, ಕಾರಣ ಇದೇ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಚಾವಣಿಯ ಟ್ಯಾಂಕಿನಿಂದ ಇಳಿದು ಬಂದ ನೀರನ್ನು ಸೋಸಿಕೊಂಡರೆ ಅದು ಬೆಚ್ಚಗೇ ಇರುತ್ತದೆ. ಅಂಥ ನೀರನ್ನು ನೆರಳಿನಲ್ಲಿ ಒಂದು ರಾತ್ರಿ ಆರಲು ಬಿಟ್ಟು ಬೆರೆಸುವ ತಾಳ್ಮೆ ಯಾವ ಬಕೆಟ್‌ಗೂ ಒಳ್ಳೆಯದು, ಕಪ್ಪು ಬಕೆಟ್‌ಗಂತೂ ಅನಿವಾರ್ಯ.

ಇವೆರಡರ ಆಚೆ ಸಿಗುವುದರಲ್ಲಿ ಹೆಚ್ಚು ಹೆಸರಾದದ್ದು 1964ರಿಂದ ಇರುವ ಅಮೆರಿಕದ ಇನ್‌ಸ್ಟಂಟ್ ಓಷನ್. ಅದರಲ್ಲಿ ಸಮುದ್ರದಿಂದ ಒಣಗಿಸಿದ ಉಪ್ಪಿಲ್ಲ, ಪೂರ್ತಿ ತಯಾರಿಸಿದ ಲವಣಗಳ ಮಿಶ್ರಣ. ಕ್ಷಾರೀಯತೆ ನೀಲಿ ಬಕೆಟ್‌ಗಿಂತ ಹೆಚ್ಚು. ಮೀನುಗಳಷ್ಟೇ ಇರುವ ತೊಟ್ಟಿಗೆ ಅದೂ ನಿಸ್ಸಂಶಯವಾಗಿ ನಡೆಯುತ್ತದೆ. ನಿಮ್ಮ ಊರಿನಲ್ಲಿ ವರ್ಷವಿಡೀ ಯಾವುದು ತಪ್ಪದೆ ಸಿಗುತ್ತದೋ ಅದನ್ನು ಹಿಡಿಯುವುದು ಜಾಣತನ. ಪದೇ ಪದೇ ಬ್ರ್ಯಾಂಡ್ ಬದಲಿಸಿದರೆ ಮೀನಿಗೆ ಪ್ರತಿ ಬಾರಿ ಬೇರೆ ಸಮುದ್ರ. ಆದರೆ ದೊಡ್ಡ ಚೀಲದಿಂದ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬಿಡಿ ಉಪ್ಪಿನಿಂದ ದೂರವಿರಿ. ಒಂದು ಅಂಗಡಿಯಲ್ಲಿ ಹಾಗೆ ಕೊಂಡ ಉಪ್ಪು ಆಗಲೇ ತೇವ ಹೀರಿ ಹೆಂಟೆಗಟ್ಟಿತ್ತು, ನೀರಿಗೆ ಹಾಕಿದಾಗ ಬಿಳಿ ಪುಡಿ ಕರಗದೆ ತಳದಲ್ಲಿ ಕೂತಿತು. ಹಾಗೆ ಕೂತದ್ದು ಬಹುಪಾಲು ನಾವು ಹಣ ಕೊಟ್ಟು ಕೊಂಡ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯೇ.

ಪ್ರಮಾಣದ ಲೆಕ್ಕದಲ್ಲಿ ಎಚ್ಚರ ಬೇಕು. 22 ಕಿಲೋ ಬಕೆಟ್‌ನಿಂದ 660 ಲೀಟರ್ ಎಂದು ಬರೆದಿರುತ್ತದೆ; ಭಾಗಿಸಿದರೆ ಲೀಟರಿಗೆ 33.3 ಗ್ರಾಂ. ಆದರೆ ಒಂದು ಲೀಟರ್ ಶುದ್ಧ ನೀರನ್ನು 35 ಪಿಪಿಟಿಗೆ ತರಲು, ಉಪ್ಪು ಒಂದಿಷ್ಟೂ ತೇವವಿಲ್ಲದೆ ಇದ್ದರೂ, 36 ಗ್ರಾಂ ಬೇಕೇ ಬೇಕು; ಮಿಶ್ರಣದ ಕೆಲವು ಲವಣಗಳು ತಮ್ಮ ಹರಳಿನೊಳಗೇ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ ವಾಸ್ತವದಲ್ಲಿ 37–38 ಗ್ರಾಂ ಆಗುತ್ತದೆ. ಹಾಗಾಗಿ 35 ಪಿಪಿಟಿ ಬೇಕಾದವರಿಗೆ ಆ ಬಕೆಟ್‌ನಿಂದ ಸಿಗುವುದು 580ರಿಂದ 600 ಲೀಟರ್ ಎಂದುಕೊಳ್ಳಬೇಕು. ಬಕೆಟ್‌ನ ಮೇಲಿನ ಲೀಟರ್ ಲೆಕ್ಕ ತುಸು ತೆಳು ನೀರಿನದು, ಮತ್ತು ಇದು ಒಂದೇ ಕಂಪನಿಯ ಅಭ್ಯಾಸವೇನಲ್ಲ. ಎರಡು ಬ್ರ್ಯಾಂಡ್‌ಗಳ ಬೆಲೆ ಹೋಲಿಸುವಾಗ ಲೀಟರನ್ನು ನಂಬದೆ, ಕಿಲೋ ಬೆಲೆಯನ್ನು ಹೋಲಿಸಿದರೆ ಸತ್ಯಕ್ಕೆ ಹತ್ತಿರವಾಗುತ್ತೇವೆ.

ನಮ್ಮಲ್ಲಿ ತೊಟ್ಟಿ ಮಾಡಿಸುವುದು ಅಡಿಯ ಲೆಕ್ಕದಲ್ಲಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದರೆ 6.75 ಘನ ಅಡಿ, ಸುಮಾರು 191 ಲೀಟರ್. ಗಾಜಿನ ದಪ್ಪ, ಮೇಲೆ ಬಿಡುವ ಎರಡು ಇಂಚು, ಕೆಳಗಿನ ಮರಳು, ನಡುವಿನ ಬಂಡೆ ಎಲ್ಲವನ್ನೂ ಕಳೆದರೆ ನಿಜವಾದ ನೀರು 150 ಲೀಟರಿನ ಹತ್ತಿರ. ಲೀಟರಿಗೆ 37 ಗ್ರಾಂನಂತೆ ಮೊದಲ ಭರ್ತಿಗೆ ಐದೂವರೆ ಕಿಲೋ ಉಪ್ಪು ಬೇಕು. ಆಮೇಲೆ ಹದಿನೈದು ದಿನಕ್ಕೊಮ್ಮೆ ಶೇಕಡಾ 10ರಷ್ಟು, ಅಂದರೆ 15 ಲೀಟರ್, ಬದಲಿಸಿದರೆ ಪ್ರತಿ ಬಾರಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ವರ್ಷಕ್ಕೆ ಹದಿನಾಲ್ಕೂವರೆ ಕಿಲೋ. ಒಂದು ದೊಡ್ಡ ಬಕೆಟ್ ಮೊದಲ ಭರ್ತಿಗೂ ಮೊದಲ ವರ್ಷಕ್ಕೂ ಆಗುತ್ತದೆ. ಉಪ್ಪು ದುಬಾರಿ ಎಂದು ಗೊಣಗುವವರು ಈ ಲೆಕ್ಕವನ್ನು ತಿಂಗಳಿಗೆ ಹಂಚಿ, ಅದೇ ತೊಟ್ಟಿಯ ಹೀಟರು, ದೀಪ, ಪಂಪುಗಳ ಕರೆಂಟ್ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಲಿ.

ನೀರಿನ ವಿಷಯ ಉಪ್ಪಿಗಿಂತ ದೊಡ್ಡದು. ಯಾವ ಬಕೆಟ್‌ನ ಪ್ರಮಾಣವೂ ಶುದ್ಧ ನೀರನ್ನು ಎಣಿಕೆಯಲ್ಲಿಟ್ಟುಕೊಂಡು ಮಾಡಿದ್ದು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬೆರೆಸಿದರೆ ಅದರಲ್ಲಿ ಮೊದಲೇ ಇರುವ ಕ್ಯಾಲ್ಸಿಯಂ, ಕ್ಷಾರೀಯತೆ, ನೈಟ್ರೇಟ್‌ಗಳು ಮೇಲೆ ಕೂಡಿಕೊಳ್ಳುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಒಪ್ಪುತ್ತದೆ. ನಮಗೆ ಅದು ಸರಿ, ಕಡಲ ತೊಟ್ಟಿಯಲ್ಲಿ ಅಷ್ಟರಿಂದ ಆರಂಭಿಸುವುದೆಂದರೆ ಪಾಚಿಗೆ ಆಹ್ವಾನ ಕೊಟ್ಟಂತೆ. ಅಪಾರ್ಟ್‌ಮೆಂಟ್‌ನ ಸಾಫ್ಟ್‌ನರ್ ನೀರು ನೊರೆ ಬರಿಸುತ್ತದೆಯೇ ಹೊರತು ಶುದ್ಧವಲ್ಲ, ಕ್ಯಾಲ್ಸಿಯಂ ಹೋದ ಜಾಗದಲ್ಲಿ ಸೋಡಿಯಂ ಬಂದಿರುತ್ತದೆ. ಕಾವೇರಿ ನೀರು ಇವೆಲ್ಲಕ್ಕಿಂತ ಮೃದು, ಆದರೆ ಅದರಲ್ಲಿ ಕ್ಲೋರಿನ್ ಇದೆ. ಬೇಕಾದದ್ದು ಆರ್‌ಒ ನೀರು, ಸಾಧ್ಯವಾದರೆ ಅದರ ನಂತರ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಇಟ್ಟು ಟಿಡಿಎಸ್ (ಕರಗಿರುವ ಪದಾರ್ಥಗಳ ಒಟ್ಟು ಪ್ರಮಾಣ) ಸೊನ್ನೆಗೆ ತಂದ ನೀರು.

ಮನೆಯಲ್ಲಿ ಕುಡಿಯಲು ಇರುವ ಆರ್‌ಒ ಯಂತ್ರದಿಂದಲೇ ತೆಗೆದುಕೊಳ್ಳುವವರು ಎರಡು ಸಂಗತಿ ಗಮನಿಸಬೇಕು. ಅನೇಕ ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ ನಿಯಂತ್ರಕವಿರುತ್ತದೆ; ಅದು ಆರ್‌ಒ ಪೊರೆ ದಾಟದ ನೀರನ್ನು ಒಂದಿಷ್ಟು ಮತ್ತೆ ಬೆರೆಸುತ್ತದೆ. ಇನ್ನೊಂದು, ಈಚೆಗೆ ಆರೋಗ್ಯದ ಹೆಸರಿನಲ್ಲಿ ತಾಮ್ರದ ಕಾರ್ಟ್ರಿಜ್ ಇರುವ ಯಂತ್ರಗಳು ಮನೆಮನೆಗೂ ಬಂದಿವೆ. ತಾಮ್ರ ಮೀನಿಗಿಂತ ಸೀಗಡಿ, ಬಸವನಹುಳುಗಳಿಗೆ ಬಹಳ ಸಣ್ಣ ಪ್ರಮಾಣದಲ್ಲಿಯೇ ವಿಷ. ಮೀನಿನ ರೋಗಕ್ಕೆ ತಾಮ್ರದ ಔಷಧ ಕೊಡುವವರು ಅದಕ್ಕೇ ಬೇರೆ ತೊಟ್ಟಿ ಇಡುವುದು. ಮೆಕ್ಯಾನಿಕ್‌ಗೆ ಹೇಳಿ, ಪೊರೆ ದಾಟಿದ ಕೂಡಲೇ, ಖನಿಜ ಮತ್ತು ತಾಮ್ರದ ಕಾರ್ಟ್ರಿಜ್‌ಗಳಿಗಿಂತ ಮುಂಚೆ, ಒಂದು ಕವಲು ತೆಗೆಸಿಕೊಂಡರೆ ಕಡಿಮೆ ಖರ್ಚಿನಲ್ಲಿ ಈ ಸಮಸ್ಯೆ ಮುಗಿಯುತ್ತದೆ. ಕಪ್ಪು ಬಕೆಟ್ ಕೊಳ್ಳಲು ಹೋಗಿ ಈ ಕವಲಿಗೆ ಹಣವಿಲ್ಲ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬೆರೆಸುವ ಕ್ರಮದಲ್ಲಿ ಗುಟ್ಟೇನಿಲ್ಲ, ಆದರೆ ಅನುಕ್ರಮ ತಪ್ಪಬಾರದು. ಆಹಾರ ದರ್ಜೆಯ ಡ್ರಮ್ಮಿನಲ್ಲಿ ಮೊದಲು ನೀರು, ಅದರಲ್ಲಿ ಜೋರಾಗಿ ಓಡುವ ಪವರ್‌ಹೆಡ್ (ನೀರಿನೊಳಗಿಟ್ಟು ಕಲಕುವ ಪಂಪ್), ಆಮೇಲೆ ಉಪ್ಪು ಸ್ವಲ್ಪ ಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಮೊದಲ ಕೆಲವು ಕ್ಷಣ ಆ ರಾಶಿಯ ಸುತ್ತ ನೀರು ಎಷ್ಟು ಗಾಢವಾಗುತ್ತದೆಂದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಕ್ಕೊಂದು ಸೇರಿ ಸುಣ್ಣವಾಗಿ ಇಳಿದುಬಿಡುತ್ತವೆ. ಒಮ್ಮೆ ಇಳಿದದ್ದು ಮತ್ತೆ ಸುಲಭವಾಗಿ ಕರಗದು. ಬಕೆಟ್ ಲಾರಿಯಲ್ಲಿ ಬಹುದೂರ ಕುಲುಕಿಕೊಂಡು ಬಂದಿರುವುದರಿಂದ ಸಣ್ಣ ಕಣ ಕೆಳಗೆ, ದಪ್ಪ ಕಣ ಮೇಲೆ ಆಗಿರಬಹುದು. ತೆರೆಯುವ ಮುನ್ನ ಮುಚ್ಚಳ ಭದ್ರಪಡಿಸಿ ಅದನ್ನು ನೆಲದ ಮೇಲೆ ಚೆನ್ನಾಗಿ ಉರುಳಿಸಬೇಕು. ಲೋಟದ ಲೆಕ್ಕ ಬೇಡ, ತಕ್ಕಡಿ ಇರಲಿ. ಒಂಬತ್ತು ಪಾಲು ಉಪ್ಪು ಹಾಕಿ, ಕರಗಿದ ಮೇಲೆ ಅಳೆದು, ಉಳಿದ ಪಾಲನ್ನು ಬೇಕಾದಷ್ಟೇ ಸೇರಿಸುವುದು ಸುರಕ್ಷಿತ ದಾರಿ. ತೊಟ್ಟಿ ಪೂರ್ತಿ ಖಾಲಿಯಿರುವ ಮೊದಲ ಸಲ ಮಾತ್ರ, ಮರಳು ಮತ್ತು ಬಂಡೆ ಇಡುವ ಮುಂಚೆ, ತೊಟ್ಟಿಯಲ್ಲಿಯೇ ಬೆರೆಸಬಹುದು. ಜೀವಿಗಳು ಬಂದ ಮೇಲೆ ಎಂದೂ ಉಪ್ಪನ್ನು ನೇರವಾಗಿ ತೊಟ್ಟಿಗೆ ಹಾಕುವಂತಿಲ್ಲ.

ಅಳೆಯುವುದರಲ್ಲಿ ನಮ್ಮ ಹವ್ಯಾಸಿಗಳು ಕಂಜೂಸುತನ ತೋರಿಸುತ್ತಾರೆ. ಕಿಸೆಯಲ್ಲಿಡುವ ಟಿಡಿಎಸ್ ಪೆನ್ ಸಾಮಾನ್ಯವಾಗಿ 9,990 ಪಿಪಿಎಂಗೆ ನಿಂತುಬಿಡುತ್ತದೆ. ಸಮುದ್ರದ ನೀರು 35,000. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ನಲ್ಲಿ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅಂಕಿ ಏರುತ್ತದೆ, ಉಪ್ಪಿನ ಪೊರೆ ಕಟ್ಟಿದರೆ ಇಳಿಯುತ್ತದೆ. ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಲವಣಾಂಶ ತೋರಿಸುವ ರಿಫ್ರಾಕ್ಟೋಮೀಟರ್ ಕೊಳ್ಳುವುದೇ ಸರಿ. ಆದರೆ ಅದನ್ನು ಆರ್‌ಒ ನೀರು ಬಿಟ್ಟು ಸೊನ್ನೆಗೆ ಹೊಂದಿಸಿ ಕೈತೊಳೆದುಕೊಂಡರೆ ಸಾಲದು, ಏಕೆಂದರೆ ಸೊನ್ನೆಯಲ್ಲಿ ಸರಿಯಿದ್ದದ್ದು 35ರಲ್ಲಿ ಒಂದೆರಡು ಅಂಕಿ ಆಚೀಚೆ ಇರಬಹುದು. 35 ಪಿಪಿಟಿಯ ಹೊಂದಾಣಿಕೆ ದ್ರಾವಣ ಸಿಕ್ಕದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಅಡುಗೆ ಉಪ್ಪು, 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿ. ಆ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35 ಪಿಪಿಟಿಯ ಸಮುದ್ರದ ನೀರಿಗೆ ಸಮ. ತೊಟ್ಟಿಗೆ ಬೇಡವೆಂದು ಆಚೆಯಿಟ್ಟ ಅಡುಗೆ ಉಪ್ಪು ಇಲ್ಲೊಂದು ಕಡೆ ಕೆಲಸಕ್ಕೆ ಬರುತ್ತದೆ. ಸಾಪೇಕ್ಷ ಸಾಂದ್ರತೆಯಲ್ಲಿ ಓದುವವರಿಗೆ ಗುರಿ 25 ಡಿಗ್ರಿಯಲ್ಲಿ 1.026. ಇದರೊಂದಿಗೆ ಕ್ಷಾರೀಯತೆ ಅಳೆಯುವ ಒಂದು ಹನಿ ಪರೀಕ್ಷೆಯ ಕಿಟ್ ಇದ್ದು, ಹೊಸ ಬಕೆಟ್ ತೆರೆದಾಗಲೆಲ್ಲ ಮೊದಲ ಮಿಶ್ರಣವನ್ನು ಪರೀಕ್ಷಿಸಿದರೆ, ಬಕೆಟ್ ಹೇಳುವುದಕ್ಕೂ ನೀರು ಹೇಳುವುದಕ್ಕೂ ತಾಳೆಯಿದೆಯೇ ಎಂಬುದು ಗೊತ್ತಾಗುತ್ತದೆ.

ಒಮ್ಮೆ ಹೊಂದಿಸಿದ ಲವಣಾಂಶ ತಾನಾಗಿ ನಿಲ್ಲುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 150 ಲೀಟರಿನಲ್ಲಿ 10 ಲೀಟರ್ ಆರಿಹೋದರೆ 35 ಇದ್ದದ್ದು 37.5 ಆಗುತ್ತದೆ. ಆ ಇಳಿದ ಮಟ್ಟವನ್ನು ಉಪ್ಪು ನೀರಿನಿಂದ ತುಂಬಿದರೆ ಏರಿದ ಲವಣಾಂಶ ಇಳಿಯುವುದೇ ಇಲ್ಲ. ತುಂಬಬೇಕಾದದ್ದು ಬರಿಯ ಆರ್‌ಒ ನೀರು, ಅದೂ ದಿನವೂ ಸ್ವಲ್ಪ ಸ್ವಲ್ಪ.

ಇನ್ನು ಬಕೆಟ್‌ನ ಅಳತೆ. 22 ಕಿಲೋದ್ದು ಕಿಲೋ ಲೆಕ್ಕದಲ್ಲಿ ಅಗ್ಗ, 7 ಕಿಲೋದ್ದು ಮೂರು ಅಡಿಯ ತೊಟ್ಟಿಯ ಮೊದಲ ಭರ್ತಿಗೂ ಎರಡು ನೀರು ಬದಲಾವಣೆಗೂ ಸಾಕಾಗುತ್ತದೆ. ಈ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮುಚ್ಚಳವನ್ನು ಪೂರ್ತಿ ಒತ್ತಿ ಮುಚ್ಚಿ, ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ತಿರುಚಿ ಕಟ್ಟಿಟ್ಟರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ದೊಡ್ಡ ಬಕೆಟ್ ವರ್ಷ ಪೂರ್ತಿ ಬಾಳುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಮಳೆಗಾಲದ ತಿಂಗಳುಗಳಲ್ಲಿ ದೊಡ್ಡ ಬಕೆಟ್ ತೆರೆಯದೆ, ಜೂನ್‌ಗೆ ಮುಂಚೆ ಎರಡು ಸಣ್ಣ ಬಕೆಟ್ ತಂದಿಟ್ಟುಕೊಂಡು ಒಂದನ್ನು ಮುಗಿಸಿ ಇನ್ನೊಂದರ ಮುಚ್ಚಳ ತೆಗೆಯುವುದು ಲೇಸು. ಕಿಲೋಗೆ ಹೆಚ್ಚು ಕೊಟ್ಟರೂ ಹೆಂಟೆಗಟ್ಟಿದ ಉಪ್ಪನ್ನು ಅರ್ಧದಲ್ಲಿ ಎಸೆಯುವುದಕ್ಕಿಂತ ಅದು ಅಗ್ಗ.